ಫೋನಿಗಿದ್ದ ವಿಮೆ ಮನೆಗಿರಲಿಲ್ಲ

2022ರ ಸೆಪ್ಟೆಂಬರ್ 4, ಭಾನುವಾರ. ಗಣೇಶನ ಹಬ್ಬ ಮುಗಿದು ನಾಲ್ಕು ದಿನ ಆಗಿತ್ತಷ್ಟೆ. ಸಂಜೆ ನಮ್ಮ ಲೇಔಟಿನ ಗಣಪತಿಯನ್ನು ಬಿಟ್ಟು ಬಂದು, ಉಳಿದಿದ್ದ ಚಕ್ಕುಲಿ ಡಬ್ಬ ಮುಂದಿಟ್ಟುಕೊಂಡು ಟೀವಿ ನೋಡುತ್ತ ಕೂತಿದ್ದೆವು. ಹೊರಗೆ ಜೋರು ಮಳೆ. "ನಾಳೆ ಆಫೀಸಿಗೆ ಯಾರೂ ಬರಲ್ಲ, ವರ್ಕ್ ಫ್ರಮ್ ಹೋಮ್ ಗ್ಯಾರಂಟಿ" ಅಂತ ಇವರು ಖುಷಿಯಲ್ಲಿದ್ದರು. ನನಗೂ ಖುಷಿಯೇ. ಸರ್ಜಾಪುರ ರಸ್ತೆಯ ಟ್ರಾಫಿಕ್‌ನಿಂದ ಒಂದು ದಿನ ಬಿಡುಗಡೆ ಸಿಕ್ಕಿದರೆ ಯಾರಿಗೆ ಬೇಡ?

ರಾತ್ರಿ ಒಂದೂವರೆ ಇರಬೇಕು. ಅತ್ತೆ ಬಂದು ರೂಮಿನ ಬಾಗಿಲು ತಟ್ಟಿದರು. "ಬಚ್ಚಲಲ್ಲಿ ಏನೋ ಗುಳುಗುಳು ಅಂತಿದೆ, ಬಂದು ನೋಡೇ."

ನೀರು ಮುಂಬಾಗಿಲಿನಿಂದ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದು ಬಂದಿದ್ದು ಬಚ್ಚಲಿನ ಜಾಲರಿಯಿಂದ. ಚರಂಡಿ ತುಂಬಿ, ಹೊರಗೆ ಹೋಗಬೇಕಾದ ನೀರು ಪೈಪಿನಲ್ಲಿ ವಾಪಸ್ ಬರುತ್ತಿತ್ತು. ಕಪ್ಪು ನೀರು. ಆ ವಾಸನೆಯನ್ನು ಇವತ್ತಿಗೂ ಮರೆಯೋಕೆ ಆಗಿಲ್ಲ. ಹಳೇ ಟವೆಲ್, ಮರಳಿನ ಚೀಲ ಅಂತ ಏನೇನೋ ತುರುಕಿದೆವು. ಅರ್ಧ ಗಂಟೆಯಲ್ಲಿ ಗೇಟಿನ ಕಡೆಯಿಂದಲೂ ನೀರು ಬಂತು. ಬೆಳಗಿನ ಜಾವದ ಹೊತ್ತಿಗೆ ಹಾಲಿನಲ್ಲಿ ನನ್ನ ಮೊಣಕಾಲು ಮುಳುಗಿ ಮೇಲೆ ಬಂದಿತ್ತು. ಫ್ರಿಜ್ ಮೊದಲು ತೇಲಿತು, ಆಮೇಲೆ ನಿಧಾನವಾಗಿ ಒಂದು ಕಡೆ ವಾಲಿ ಮಲಗಿತು. ಅದು ಮಲಗಿದಾಗ ಅತ್ತೆ ಅಳುವುದಕ್ಕೆ ಶುರು ಮಾಡಿದರು. ಮಾವ ತೀರಿಕೊಳ್ಳುವ ಮುಂಚೆ ಕೊಡಿಸಿದ್ದ ಫ್ರಿಜ್ ಅದು.

ಸೋಮವಾರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಬಿದ್ದಿತ್ತು. ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋಗಳನ್ನು ನೀವೆಲ್ಲ ನೋಡಿರ್ತೀರಿ, ಬಹುಶಃ ಫಾರ್ವರ್ಡ್ ಕೂಡ ಮಾಡಿರ್ತೀರಿ. ಅಂಥದ್ದೇ ಒಂದು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ, ಒಂದು ಬ್ಯಾಗ್ ಮತ್ತು ದೇವರ ಪೆಟ್ಟಿಗೆ ಹಿಡಿದುಕೊಂಡು ನಾವು ಮೂವರು ನಿಂತಿದ್ದೆವು. ಜಯನಗರದ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿ ನಲ್ಲಿಯಲ್ಲಿ ನೀರಿಲ್ಲ! ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿನ ಪಂಪ್‌ಹೌಸೇ ಮುಳುಗಿಹೋಗಿತ್ತು. ನಮ್ಮ ಮನೆ ತುಂಬ ನೀರು, ಚಿಕ್ಕಮ್ಮನ ಮನೆಯಲ್ಲಿ ಕಾಲು ತೊಳೆಯೋಕೂ ನೀರಿಲ್ಲ. ಆ ದಿನ ನಾನು ನಕ್ಕಿದ್ದು ಅದೊಂದಕ್ಕೇ.

ನೀಲಿ ಫೈಲು

ಮೂರನೇ ದಿನ ನೀರು ಇಳಿಯಿತು. ಗೋಡೆ ಮೇಲೆ ಎರಡೂವರೆ ಅಡಿ ಎತ್ತರಕ್ಕೆ ಕೆಸರಿನ ಗೆರೆ. ನೆಲದ ಮೇಲೆ ಬೆರಳುದ್ದ ರಾಡಿ. ಪ್ಲೈವುಡ್ ನೀರು ಕುಡಿದರೆ ಏನಾಗುತ್ತದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಅಡುಗೆಮನೆಯ ಕ್ಯಾಬಿನೆಟ್‌ಗಳೆಲ್ಲ ಹಪ್ಪಳದ ಹಾಗೆ ಉಬ್ಬಿ ಪದರ ಬಿಟ್ಟಿದ್ದವು. ವಾರ್ಡ್‌ರೋಬಿನ ಬಾಗಿಲು ತೆಗೆದರೆ ಕೈಗೇ ಬಂತು. ಕೆಳಗಿನ ಖಾನೆಯಲ್ಲಿದ್ದ ನನ್ನ ಮದುವೆ ಸೀರೆಗಳು ಒಂದಕ್ಕೊಂದು ಬಣ್ಣ ಬಿಟ್ಟುಕೊಂಡು ಒಂದೇ ಗಂಟಾಗಿದ್ದವು.

ನೀವು ನಂಬೋದಿಲ್ಲ, ಆ ರಾಡಿಯ ಮಧ್ಯೆ ನಿಂತಾಗಲೂ ನನಗೊಂದು ಧೈರ್ಯ ಇತ್ತು. ನಮ್ಮ ಮನೆಯಲ್ಲಿ ಒಂದು ನೀಲಿ ಫೈಲಿದೆ. ಇನ್ಶೂರೆನ್ಸ್ ಪೇಪರ್‌ಗಳದ್ದು. ಅದು ಮೇಲಿನ ಅಟ್ಟದಲ್ಲಿ ಒಣಗೇ ಇತ್ತು. ಇಬ್ಬರದೂ ಟರ್ಮ್ ಇನ್ಶೂರೆನ್ಸ್, ಎಲ್ಲರದೂ ಹೆಲ್ತ್ ಇನ್ಶೂರೆನ್ಸ್, ಕಾರಿನದು, ಸ್ಕೂಟರಿನದು. ನನ್ನ ಫೋನಿನ ಸ್ಕ್ರೀನ್ ಒಡೆದರೆ ಅಂತ 1,500 ರೂಪಾಯಿ ಕೊಟ್ಟು ತೆಗೆದುಕೊಂಡದ್ದು ಕೂಡ ಅದರಲ್ಲಿತ್ತು. ಮತ್ತೆ ಕೊನೆಯಲ್ಲಿ ದಪ್ಪನೆಯ ಒಂದು ಕವರ್: 'ಹೋಮ್ ಲೋನ್ ಇನ್ಶೂರೆನ್ಸ್'. ಸಾಲ ತೆಗೆದುಕೊಳ್ಳುವಾಗ ಬ್ಯಾಂಕಿನವರು ಹೇಳಿ ಮಾಡಿಸಿದ್ದು. 68,000 ರೂಪಾಯಿ, ಅದನ್ನೂ ಸಾಲಕ್ಕೇ ಸೇರಿಸಿದ್ದರು. ಸಹಿ ಹಾಕುವಾಗ ನಾನು ಓದಿರಲಿಲ್ಲ. ನಲವತ್ತು ಕಡೆ ಸಹಿ ಹಾಕಿಸುವಾಗ ಯಾರು ಓದ್ತಾರೆ?

ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಪಾಪ ತುಂಬ ಮರ್ಯಾದೆಯಿಂದಲೇ ಹೇಳಿದ.

"ಮೇಡಂ, ಈ ಪಾಲಿಸಿ ನಿಮಗೆ ಏನಾದ್ರೂ ಆದ್ರೆ. ಮನೆಗೆ ಏನಾದ್ರೂ ಆದ್ರೆ ಅಲ್ಲ."

ಅಂದರೆ, ಆ ರಾತ್ರಿ ನಾನು ಮುಳುಗಿ ಹೋಗಿದ್ದರೆ ಬ್ಯಾಂಕಿನ ಸಾಲ ತೀರುತ್ತಿತ್ತು. ಮನೆ ಮುಳುಗಿದ್ದಕ್ಕೆ ನಯಾಪೈಸೆ ಇಲ್ಲ. ಮುಂದಿನ ತಿಂಗಳ 5ನೇ ತಾರೀಕು ಇಎಂಐ ಮಾತ್ರ ಸರಿಯಾಗಿ ಕಟ್ ಆಯಿತು.

ನಮ್ಮಂಥವರಲ್ಲಿ ಬಹಳ ಜನ ಮಾಡುವ ತಪ್ಪು ಇದೇ. ಗೃಹಸಾಲದ ವಿಮೆಯೂ ಮನೆಯ ವಿಮೆಯೂ ಒಂದೇ ಅಂದುಕೊಳ್ಳೋದು. ಮೊದಲನೆಯದು ಸಾಲಗಾರರ ಜೀವಕ್ಕೆ ಸಂಬಂಧಿಸಿದ್ದು. ಎರಡನೆಯದು ಗೋಡೆ, ನೆಲ, ಸಾಮಾನಿಗೆ ಸಂಬಂಧಿಸಿದ್ದು. ಕೆಲವು ಬ್ಯಾಂಕುಗಳು ಕಟ್ಟಡಕ್ಕೂ ಪಾಲಿಸಿ ಮಾಡಿಸಿರುತ್ತವೆ. ಆದರೆ ಅದು ಸಾಲದ ಮೊತ್ತಕ್ಕಷ್ಟೇ ಇರಬಹುದು, ಒಳಗಿನ ಸಾಮಾನು ಸೇರಿರದೆಯೂ ಇರಬಹುದು. ನಿಮ್ಮ ಫೈಲಿನಲ್ಲಿ ಇರೋದು ಯಾವುದು ಅಂತ ಇವತ್ತೇ ಒಮ್ಮೆ ತೆಗೆದು ನೋಡಿ. ನಾನು ನೋಡಿದ್ದು ನೀರು ಇಳಿದ ಮೇಲೆ.

ಅದೇ ನಮ್ಮ ಕಾರಿನ ಕಥೆ ಕೇಳಿ. ಗೇಟಿನೊಳಗೆ ಸೀಟಿನ ಮಟ್ಟ ನೀರಲ್ಲಿ ನಿಂತಿತ್ತು. ನೀರಿಳಿದ ಕೂಡಲೇ ಇವರು ಸ್ಟಾರ್ಟ್ ಮಾಡಲು ಹೊರಟರು. ಎದುರುಮನೆ ಹುಡುಗ ಓಡಿ ಬಂದು ತಡೆದ. ಇಂಜಿನ್ನಿನೊಳಗೆ ನೀರು ಹೋಗಿರುವಾಗ ಸ್ಟಾರ್ಟ್ ಮಾಡಿದರೆ ಇಂಜಿನ್ನೇ ಕೆಡುತ್ತದೆ; ಆ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗೋದು ಕಷ್ಟ, ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆ್ಯಡ್-ಆನ್ ಬೇಕು. ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿದೆವು. ಒಂದು ತಿಂಗಳಲ್ಲಿ ಕಾರು ರಿಪೇರಿಯಾಗಿ ಬಂತು, ದುಡ್ಡಿನ ಮುಕ್ಕಾಲು ಪಾಲು ವಿಮಾ ಕಂಪನಿಯೇ ಕೊಟ್ಟಿತು. ಎಂಟು ಲಕ್ಷದ ಕಾರಿಗೆ ವಿಮೆ ಇತ್ತು. ಅದು ನಿಂತಿದ್ದ ಮನೆಗೆ ಇರಲಿಲ್ಲ.

ಒಂದು ರಾತ್ರಿ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಇವರು ಲೆಕ್ಕ ಬರೆದರು. ಅಡುಗೆಮನೆ, ವಾರ್ಡ್‌ರೋಬ್ ಮರದ ಕೆಲಸ 3,10,000. ವೈರಿಂಗ್, ಪೇಂಟು, ಸಂಪು ಕ್ಲೀನಿಂಗ್ 1,60,000. ಸೋಫಾ, ಮಂಚ, ಹಾಸಿಗೆ 1,40,000. ಫ್ರಿಜ್, ವಾಷಿಂಗ್ ಮೆಷಿನ್, ಯುಪಿಎಸ್ 1,15,000. ಮನೆ ಒಣಗುವವರೆಗೆ ಬಾಡಿಗೆ ಮನೆಗೆ 60,000. ಒಟ್ಟು 7,85,000. ಕೆಳಗೆ ಎರಡು ಗೆರೆ ಎಳೆದು ಪೆನ್ನಿಟ್ಟರು. ಇಬ್ಬರೂ ಏನೂ ಮಾತಾಡಲಿಲ್ಲ. ಮಗು ಬೇಕು ಅಂತ ಆ ವರ್ಷ ಡಾಕ್ಟರ್ ಹತ್ತಿರ ಓಡಾಡುತ್ತಿದ್ದೆವು. ಚಿಕಿತ್ಸೆಗೆ ಅಂತ ತೆಗೆದಿಟ್ಟಿದ್ದ ಎಫ್‌ಡಿ ಇತ್ತು. ಅದನ್ನು ಮುರಿದೆವು. ಅದಕ್ಕೇ ನಾನು ಇದನ್ನು ಬರೀತಾ ಇರೋದು.

ಕಾಕಾ ಹೇಳಿದ ಪಾಠ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ರಾಮದುರ್ಗದ ಕಡೆಯವರು. ಇಡೀ ಲೇಔಟಿಗೆ ಅವರು 'ಕಾಕಾ'. ಅವರ ಮನೆಗೂ ನಮ್ಮಷ್ಟೇ ನೀರು ನುಗ್ಗಿತ್ತು. ಆದರೆ ನಾವೆಲ್ಲ ಹಾಳಾದ ಸಾಮಾನನ್ನು ಗೇಟಿನ ಹೊರಗೆ ಎಸೆಯುತ್ತಿದ್ದರೆ, ಕಾಕಾ ಒಂದನ್ನೂ ಎಸೆಯಲು ಬಿಡದೆ ಫೋಟೋ ತೆಗೆಯುತ್ತ ಓಡಾಡುತ್ತಿದ್ದರು. ಪಾಪ, ಶಾಕ್ ಆಗಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಅವರ ಮನೆ ಮುಂದೆ ಒಬ್ಬರು ಪ್ಯಾಂಟ್ ಮಡಚಿಕೊಂಡು, ಟೇಪ್ ಹಿಡಿದು ಗೋಡೆಯ ಕೆಸರಿನ ಗೆರೆ ಅಳೆಯುತ್ತಿದ್ದರು. ವಿಮಾ ಕಂಪನಿಯ ಸರ್ವೇಯರ್!

"ಕಾಕಾ, ಮನೆಗೂ ಇನ್ಶೂರೆನ್ಸ್ ಮಾಡಿಸಿದ್ರಾ?" ಅಂದೆ.

"ಹೂಂ ತಂಗಿ. ಒಮ್ಮೆ ಕೈ ಸುಟ್ಟುಕೊಂಡ ಮ್ಯಾಲೆ ಬುದ್ಧಿ ಬಂತು" ಅಂದರು.

ಅವರ ಅಣ್ಣನ ಮನೆ ಮಲಪ್ರಭಾ ನದಿಯ ದಂಡೆಯ ಊರಲ್ಲಿತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಟ್ಟಾಗ ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕಿನ ಊರೂರೇ ಮುಳುಗಿದವು. ಪಟ್ಟದಕಲ್ಲಿನ ದೇವಸ್ಥಾನಗಳ ಅಂಗಳದಲ್ಲೂ ನೀರು ನಿಂತಿತ್ತಲ್ಲ, ಆಗ. "ಮೂರು ದಿನ ನೀರಾಗ ನಿಂತು ಮಣ್ಣಿನ ಗ್ವಾಡಿ ಕುಸದು ಬಿತ್ತು ನೋಡ್ ತಂಗಿ. ಪೂರಾ ಬಿದ್ದ ಮನಿಗೆ ಸರಕಾರ ಐದು ಲಕ್ಷ ಅಂತು. ಹಂಗಾಗಿ ಅಣ್ಣ ಹ್ಯಾಂಗೋ ಎದ್ದು ನಿಂತ. ಆದ್ರ ಬಾಜೂ ಮನಿಯವರದು ಆರ್‌ಸಿಸಿ. ಬೀಳಲಿಲ್ಲ. ಒಳಗಿನ ಸಾಮಾನೆಲ್ಲ ಹೋತು. ಅವರಿಗೆ ಸಿಕ್ಕಿದ್ದು ಹತ್ತು ಸಾವಿರ."

ಇದು ನನಗೆ ಹೊಳೆದೇ ಇರಲಿಲ್ಲ. ಸರ್ಕಾರದ ಪರಿಹಾರ ಅನ್ನೋದು ಬಿದ್ದ ಮನೆಯನ್ನು ನೋಡಿ ಕೊಡುವಂಥದ್ದು. ಗೋಡೆ ಕುಸಿಯಿತಾ, ಎಷ್ಟು ಭಾಗ ಕುಸಿಯಿತು ಅನ್ನೋದರ ಮೇಲೆ ಲೆಕ್ಕ. ನಗರದ ನಮ್ಮ ಕಾಂಕ್ರೀಟ್ ಮನೆಗಳು ಎರಡೂವರೆ ಅಡಿ ನೀರಿಗೆ ಬೀಳೋದಿಲ್ಲ. ಹೊರಗಿನಿಂದ ನೋಡಿದರೆ ಮನೆ ಗಟ್ಟಿಯಾಗೇ ನಿಂತಿದೆ. ಒಳಗೆ ಎಂಟು ಲಕ್ಷ ಹೋಗಿದೆ. ಆ ಎಂಟು ಲಕ್ಷವನ್ನು ತುಂಬಿಕೊಡುವುದು ಪರಿಹಾರದ ಕೆಲಸವೂ ಅಲ್ಲ. ಅದು ಬಡವರಿಗೆ, ಎಲ್ಲ ಕಳೆದುಕೊಂಡವರಿಗೆ ಮೊದಲು ಹೋಗಬೇಕು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಶೀಟಿನ ಮನೆಯಲ್ಲಿ ರೇಷನ್ ಅಕ್ಕಿಯಿಂದ ಮಗಳ ಪಠ್ಯಪುಸ್ತಕದವರೆಗೆ ಎಲ್ಲ ಹೋಗಿತ್ತು. ಅವರಿಗೂ ನನಗೂ ಒಂದೇ ಸಾಲು ಅಂದರೆ ಹೇಗೆ? ವರ್ಷಕ್ಕೆ ಎರಡು ಮೂರು ಸಾವಿರ ಕಟ್ಟುವ ಶಕ್ತಿ ನನಗಿತ್ತು. ನಾನು ಕಟ್ಟಿರಲಿಲ್ಲ, ಅಷ್ಟೆ.

ಕಾಕಾಗೆ ಕೇಳಿದ್ದೆಲ್ಲ ಸಿಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಬಿಲ್ಲು, ಫೋಟೋ ಏನೂ ಇಲ್ಲದ ಕೆಲವು ಸಾಮಾನನ್ನು ಬಿಟ್ಟರು. ಎರಡು ಮೂರು ಸಲ ಪೇಪರ್ ಕೇಳಿದರು. ಮೂರು ತಿಂಗಳ ಹತ್ತಿರ ಆಯಿತು. ಆದರೂ ಖರ್ಚಿನ ಬಹುಪಾಲು ಬಂತು. ಸಂಕ್ರಾಂತಿಗೆ ಅವರ ಮನೆಗೆ ಎಳ್ಳು ಬೀರಲು ಹೋದಾಗ ಹೊಸ ಅಡುಗೆಮನೆಯಲ್ಲಿ ಕಾಕು ಟೀ ಮಾಡಿ ಕೊಟ್ಟರು. ನಮ್ಮ ಮನೆಯಲ್ಲಿ ಇನ್ನೂ ಸ್ಟೌವ್ ಒಂದು ಹಳೇ ಮೇಜಿನ ಮೇಲಿತ್ತು.

'ನಮ್ಮೂರಲ್ಲಿ ಹೊಳೆಯೇ ಇಲ್ವಲ್ಲ!'

ನಾವು ಯಾಕೆ ಮಾಡಿಸಿರಲಿಲ್ಲ ಅಂತ ಯೋಚಿಸಿದರೆ ಮೊದಲ ಕಾರಣ ಇದೇ. ಬೆಂಗಳೂರಿಗೂ ಪ್ರವಾಹಕ್ಕೂ ಏನು ಸಂಬಂಧ? ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಊರು. ದೊಡ್ಡ ಹೊಳೆ ಹತ್ತಿರವಿಲ್ಲ. ಪ್ರವಾಹ ಅಂದರೆ ಕೃಷ್ಣಾ, ಭೀಮಾ ತೀರದವರದ್ದು, ಕೊಡಗಿನವರದ್ದು ಅಂದುಕೊಂಡಿದ್ದೆವು.

ಆದರೆ ಈ ಊರು ಕೆರೆಗಳ ಸರಪಳಿ. ಒಂದು ಕೆರೆ ತುಂಬಿದರೆ ಕೋಡಿ ಹರಿದು, ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಾವು ದಿನಾ ಬಸ್ ಹತ್ತುವ ಮೆಜೆಸ್ಟಿಕ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಅಂಗಳದಲ್ಲಿ ಲೇಔಟ್ ಮಾಡಿ, ಕಾಲುವೆ ಕಿರಿದು ಮಾಡಿ, ಉಳಿದ ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿದರೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ತಗ್ಗಿನ ಮನೆಯ ಬಚ್ಚಲಿನ ಜಾಲರಿಗೆ. ನಮ್ಮ ಸೈಟು ತಗೊಳ್ಳುವಾಗ ವಾಸ್ತು ನೋಡಿಸಿದ್ದೆವು, ಮೆಟ್ರೋ ಎಷ್ಟು ದೂರ ನೋಡಿದ್ದೆವು. ರಾಜಕಾಲುವೆ ಎಷ್ಟು ದೂರ ಅಂತ ಯಾರೂ ನೋಡಿರಲಿಲ್ಲ. ಮುನ್ನೂರು ಅಡಿ ಇತ್ತು.

ಎರಡನೇ ಕಾರಣ ಅತ್ತೆ. ರಿಪೇರಿ ಎಲ್ಲ ಮುಗಿದ ಮೇಲೆ, 2023ರ ಬೇಸಿಗೆಯಲ್ಲಿ, "ಈ ಸಲ ಮನೆಗೆ ಇನ್ಶೂರೆನ್ಸ್ ಮಾಡಿಸೋಣ" ಅಂದೆ. ಅತ್ತೆಗೆ ಸಿಟ್ಟು ಬಂತು. "ಇನ್ನೊಂದ್ಸಲ ಮುಳುಗ್ಲಿ ಅಂತ ನೀವೇ ದುಡ್ಡು ಕೊಟ್ಟು ಬರ್ಕೊಡ್ತೀರಾ? ಶುಭ ನುಡಿಯೇ ಶಕುನದ ಹಕ್ಕಿ ಅಂತಾರೆ" ಅಂದರು. ನಾನು ವಾದ ಮಾಡಲಿಲ್ಲ. ಇವರು ಮಾತ್ರ ಮೆಲ್ಲಗೆ, "ಅಮ್ಮಾ, ಮಳೆಗಾಲಕ್ಕೆ ಮುಂಚೆ ಅಪ್ಪ ಹಂಚು ಕೈಯಾಡಿಸ್ತಿದ್ರಲ್ಲ, ಮಳೆ ಬರ್ಲಿ ಅಂತಲಾ?" ಅಂದರು. ಅತ್ತೆ ಉತ್ತರ ಕೊಡಲಿಲ್ಲ. ಬೇಡ ಅಂತಲೂ ಮತ್ತೆ ಅನ್ನಲಿಲ್ಲ.

ನಾನು ಕಲಿತ ಲೆಕ್ಕ

ಪಾಲಿಸಿ ಹುಡುಕಲು ಕೂತಾಗ 'ಪ್ರವಾಹ ವಿಮೆ' ಅಂತಲೇ ಬೇರೆ ಏನೋ ಇರುತ್ತದೆ ಅಂದುಕೊಂಡಿದ್ದೆ. ನಮ್ಮಲ್ಲಿ ಹಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ರೂಪಿಸಿದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮನೆಗೆ ಅಗ್ನಿ ವಿಮೆ ಕೊಡುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು, ಭೂಕಂಪ, ಭೂಕುಸಿತ ಎಲ್ಲ ಒಂದರಲ್ಲೇ ಬರುತ್ತವೆ. ಇಂಥ ಅವಘಡ ಆದ 7 ದಿನಗಳೊಳಗೆ ಆ ಕಾರಣದಿಂದ ಕಳ್ಳತನ ಆದರೂ ಸೇರುತ್ತದೆ. ಮನೆ ವಾಸಕ್ಕೆ ಯೋಗ್ಯವಿಲ್ಲದಾಗ ಬೇರೆ ಕಡೆ ಇರುವ ಬಾಡಿಗೆಯೂ ಸೇರುತ್ತದೆ. ನಾವು ಕೈಯಿಂದ ಕೊಟ್ಟ 60,000 ನೆನಪಾಯಿತು.

ಎಷ್ಟಕ್ಕೆ ವಿಮೆ ಮಾಡಿಸಬೇಕು ಅನ್ನೋದರಲ್ಲಿ ನಾನು ಮತ್ತೆ ತಪ್ಪುವವಳಿದ್ದೆ. ಮನೆಯ ಮಾರುಕಟ್ಟೆ ಬೆಲೆ ಒಂದು ಕೋಟಿ ಅಂತ ಒಂದು ಕೋಟಿಗೆ ಮಾಡಿಸಲು ಹೊರಟಿದ್ದೆ. ಕಾಕಾ ನಕ್ಕರು. "ಮಣ್ಣು ಎಲ್ಲಿ ಹೋಗತದ ತಂಗಿ? ಸೈಟಿಗೆ ಯಾಕ ವಿಮಾ?" ಸರಿ ತಾನೆ. ಲೆಕ್ಕ ಹಾಕಬೇಕಾದ್ದು ಮತ್ತೆ ಕಟ್ಟಲು ಎಷ್ಟಾಗುತ್ತದೆ ಅಂತ. ನಮ್ಮದು 1,400 ಚದರಡಿ ಕಾರ್ಪೆಟ್ ಏರಿಯಾ. ಚದರಡಿಗೆ 2,200 ಅಂತ ಹಿಡಿದರೆ 30,80,000 ರೂಪಾಯಿ. ಕಟ್ಟಡಕ್ಕೆ ಮಾಡಿಸಿದರೆ ಅದರ ಶೇ 20ರಷ್ಟು ಮೊತ್ತಕ್ಕೆ, ಅಂದರೆ ನಮ್ಮ ಲೆಕ್ಕದಲ್ಲಿ 6,16,000ಕ್ಕೆ, ಒಳಗಿನ ಸಾಮಾನಿನ ವಿಮೆ ತಾನಾಗಿಯೇ ಸೇರುತ್ತದೆ. ಇದರ ಮಿತಿ 10 ಲಕ್ಷ. ಜಾಸ್ತಿ ಬೇಕಾದರೆ ಸಾಮಾನಿನ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಡವೆ, ಬೆಲೆಬಾಳುವ ಕಲಾಕೃತಿಗೆ ಬೇರೆಯಾಗಿ ಕೇಳಿ ಸೇರಿಸಬೇಕು. ನಗದು ಸೇರೋದಿಲ್ಲ. ಕಾರು, ಸ್ಕೂಟರ್ ಸೇರೋದಿಲ್ಲ. ಹಳತಾಗಿ ತಾನಾಗಿ ಸೋರುವ ಸೂರು, ತೇವ ಹಿಡಿದ ಗೋಡೆ ಇವೂ ಇಲ್ಲ. ಅದು ವಿಮೆಯಲ್ಲ, ನಮ್ಮದೇ ಮೇಂಟೆನೆನ್ಸ್.

ನಮಗೆ ಬಂದ ಪ್ರೀಮಿಯಂ ವರ್ಷಕ್ಕೆ ಮೂರು ಸಾವಿರದ ಒಳಗೆ. ಮನೆ, ಜಾಗ, ಕಂಪನಿ ನೋಡಿ ಇದು ಬದಲಾಗುತ್ತದೆ, ಎರಡು ಮೂರು ಕಡೆ ಕೇಳಿ. ಆದರೂ ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಅಂದರೆ ಏನು? ಒಂದು ಸಲ ಸ್ವಿಗ್ಗಿಯಲ್ಲಿ ಬಿರಿಯಾನಿ ತರಿಸಿದ ಹಾಗೆ. ಬೇಕಾದರೆ ಹತ್ತು ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ಹಾಗೆ ಮಾಡಿದರೆ ಕಟ್ಟಡ ಖರ್ಚು ಏರುವುದಕ್ಕೆ ತಕ್ಕಂತೆ ವಿಮಾ ಮೊತ್ತ ವರ್ಷಕ್ಕೆ ಶೇ 10ರಷ್ಟು ತಾನೇ ಏರುತ್ತದೆ.

"ನಮ್ಮದು ಬಾಡಿಗೆ ಮನೆ, ನಮಗ್ಯಾಕೆ?" ಅಂತ ನನ್ನ ಟೀಮಿನ ಹುಡುಗಿ ಕೇಳಿದಳು. ಗೋಡೆ ಓನರಿನದ್ದು. ಆದರೆ ಲ್ಯಾಪ್‌ಟಾಪ್, ಹಾಸಿಗೆ, ಫ್ರಿಜ್ ನಿನ್ನದೇ ತಾನೆ? ಸಾಮಾನಿಗೆ ಮಾತ್ರ ವಿಮೆ ಮಾಡಿಸಲು ಬರುತ್ತದೆ. ಅಪಾರ್ಟ್‌ಮೆಂಟಿನವರು, ಅದರಲ್ಲೂ ಗ್ರೌಂಡ್ ಫ್ಲೋರಿನವರು, ಅಸೋಸಿಯೇಷನ್ನಿನ ಪಾಲಿಸಿ ಇದೆಯಾ, ಇದ್ದರೆ ಅದು ಕಟ್ಟಡಕ್ಕೆ ಮಾತ್ರವಾ ಅಂತ ಕೇಳಿಕೊಳ್ಳಿ. ಅದು ನಿಮ್ಮ ಸೋಫಾಗೆ ದುಡ್ಡು ಕೊಡುತ್ತದೆ ಅಂತ ಸುಮ್ಮನೆ ನಂಬಬೇಡಿ.

ಇನ್ನೊಂದು ವಿಷಯ. ಆಕಾಶ ಕಪ್ಪಾದ ಮೇಲೆ ಮಾಡಿಸ್ತೀನಿ ಅಂದರೆ ಆಗೋದಿಲ್ಲ. ಪಾಲಿಸಿ ಶುರುವಾಗುವ ಮುಂಚೆ ಆದ ಹಾನಿಗೆ ಯಾರೂ ಕೊಡೋದಿಲ್ಲ. ನಾನು ಏಪ್ರಿಲ್ಲಿನ ಬಿಸಿಲಲ್ಲಿ ಮಾಡಿಸಿದೆ. ಆಗ ಯಾರಿಗೂ ಮಳೆ ನೆನಪಿರೋದಿಲ್ಲ, ಆದರೆ ಮಾಡಿಸುವ ಸಮಯ ಅದೇ.

ಹಾಗೊಂದು ವೇಳೆ ನೀರು ಬಂದರೆ? ಮೊದಲು ಮೀಟರಿನ ಮೇನ್ ಸ್ವಿಚ್ ಆರಿಸಿ, ಜನ ಹೊರಗೆ ಬನ್ನಿ. ಸಾಮಾನು ಆಮೇಲೆ. ಆಮೇಲೆ ತಡಮಾಡದೆ ವಿಮಾ ಕಂಪನಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಗೋಡೆಯ ಮೇಲಿನ ನೀರಿನ ಗೆರೆಯ ಫೋಟೋ ತೆಗೆಯಿರಿ. ಸರ್ವೇಯರ್ ನೋಡುವ ಮುಂಚೆ ಸಾಮಾನು ಎಸೆಯಬೇಡಿ. ಎಸೆಯಲೇಬೇಕಾದರೆ ಕಂಪನಿಗೆ ಹೇಳಿ, ಫೋಟೋ ಇಟ್ಟುಕೊಂಡು ಎಸೆಯಿರಿ. ಕ್ಲೇಮ್ ಕೊಡದೆ ಸತಾಯಿಸಿದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅದಕ್ಕೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲೇ ಇದೆ. ಲಾಯರ್ ಬೇಕಿಲ್ಲ, ಫೀಸೂ ಇಲ್ಲ.

ವಿಮೆ ಮಾಡಿಸಿದ ಮಾತ್ರಕ್ಕೆ ರಾಜಕಾಲುವೆ ಅಗಲ ಆಗೋದಿಲ್ಲ. ಆ ಜಗಳವನ್ನು ನಾವು ಅಸೋಸಿಯೇಷನ್ನಿನಿಂದ ಇವತ್ತಿಗೂ ಆಡುತ್ತಿದ್ದೇವೆ, ಆಡಲೇಬೇಕು. ವಿಮೆಯಿಂದ ನನ್ನ ಮದುವೆ ಆಲ್ಬಮ್ ವಾಪಸ್ ಬರೋದಿಲ್ಲ, ಮಾವ ಕೊಡಿಸಿದ ಫ್ರಿಜ್ಜೂ ಬರೋದಿಲ್ಲ. ಆದರೆ ಅದು ಇದ್ದಿದ್ದರೆ ಆ ಎಫ್‌ಡಿ ಮುರಿಯಬೇಕಾಗಿರಲಿಲ್ಲ. ಚಿಕಿತ್ಸೆಯನ್ನು ನಾವು ಮತ್ತೆ ಶುರು ಮಾಡಿದ್ದು ಒಂದೂವರೆ ವರ್ಷ ಬಿಟ್ಟು. ಮೂವತ್ತನಾಲ್ಕರ ಹೆಣ್ಣಿಗೆ ಒಂದೂವರೆ ವರ್ಷ ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಇದೆ. ಆಯುಧ ಪೂಜೆ ದಿನ ಹೇಗೂ ಇಡೀ ಮನೆ ಒರೆಸಿ, ಫ್ರಿಜ್ಜಿಗೆ, ವಾಷಿಂಗ್ ಮೆಷಿನ್ನಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಹೂವು ಮುಡಿಸುತ್ತೇವಲ್ಲ. ಮಂಗಳಾರತಿ ಆದ ಮೇಲೆ ನಾನು ಫೋನ್ ಹಿಡಿದು ಮುಂಬಾಗಿಲಿನಿಂದ ಶುರು ಮಾಡಿ ಒಂದೊಂದೇ ರೂಮು ವಿಡಿಯೋ ಮಾಡುತ್ತೇನೆ. ಕಪಾಟು ತೆಗೆದು, ಮಾಡೆಲ್ ನಂಬರ್ ಕಾಣುವ ಹಾಗೆ. ಆಮೇಲೆ ಬಿಲ್ಲುಗಳ ಫೋಟೋ ಜೊತೆ ಡ್ರೈವ್‌ಗೆ ಹಾಕಿ, ತಂಗಿಗೂ ಒಂದು ಕಾಪಿ ಕಳಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಹೋದ ವರ್ಷ ಹಾಗೆ ವಿಡಿಯೋ ಮಾಡಿಕೊಂಡು ಅಡುಗೆಮನೆ ದಾಟಿ ಹೋಗುತ್ತಿದ್ದೆ. ಹಿಂದಿನಿಂದ ಅತ್ತೆ ಕೂಗಿದರು.

"ಏಯ್, ಗ್ರೈಂಡರ್ ಬಿಟ್ಟೆ ನೋಡೇ. ಅದಕ್ಕೂ ಹನ್ನೆರಡು ಸಾವಿರ ಕೊಟ್ಟಿದೀವಿ."